ಬ್ರಹ್ಮಾವರದಲ್ಲೂ ಇಲ್ಲ, ಬೈಂದೂರಿನಲ್ಲೂ ಇಲ್ಲ

ನಾನು ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದವನು. ಹಾಗೆಂದು ಯಾರಿಗಾದರೂ ಹೇಳಿದರೆ ನನ್ನ ಹೆಂಡತಿ ಒಳಗಿನಿಂದ ಒಮ್ಮೆ ಕೆಮ್ಮುತ್ತಾಳೆ. ಅವಳ ಲೆಕ್ಕದಲ್ಲಿ ನಾನು ಅಡುಗೆ ಮಾಡಿದ್ದು ಅರ್ಧ ಆಯುಷ್ಯ ಮಾತ್ರ. ಉಳಿದರ್ಧ, ಬೇರೆಯವರು ಅಡುಗೆ ಮಾಡುವುದನ್ನು ಸಹಿಸಿಕೊಂಡು ಕೂತದ್ದು. ನಿಜ ಹೇಳಬೇಕೆಂದರೆ ಎರಡನೆಯದೇ ಕಷ್ಟದ ಕೆಲಸ. ಅದನ್ನು ಕಲಿಯುವುದಕ್ಕೆ ನನಗೆ ಯುದ್ಧದ ಕಾಲದ ಒಂದು ವೈಶಾಖವೂ, ಮರಳಿನ ಮೇಲೆ ಕೂತ ಒಂದು ದೋಣಿಯೂ ಬೇಕಾದವು.

ನಮ್ಮ ಮನೆ ಸಾಲಿಗ್ರಾಮದ ಹತ್ತಿರ. ತಂದೆಯವರು ದೇವಸ್ಥಾನದಲ್ಲಿ ನೈವೇದ್ಯದ ಅಡುಗೆ ಮಾಡುತ್ತಿದ್ದರು. ನಾನೂ ಕೆಲವು ವರ್ಷ ಅಲ್ಲಿಯೇ ಒಲೆ ಊದಿದೆ. ಆಮೇಲೆ ದೇವರನ್ನು ಬಿಟ್ಟು ಮನುಷ್ಯರಿಗೆ ಬಡಿಸುವುದಕ್ಕೆ ಹೊರಟೆ. ಸಂಸಾರ ದೊಡ್ಡದಾಯಿತು, ಅದಕ್ಕೆ ಹೊರಟೆ ಎಂದು ಊರಿನಲ್ಲಿ ಹೇಳಿಕೊಂಡೆ. ಒಳಗಿನ ಕಾರಣ ಬೇರೆ. ಎಷ್ಟು ಒಳ್ಳೆಯ ಪಾಯಸ ಇಟ್ಟರೂ ದೇವರು ಬಾಯಿಬಿಟ್ಟು ಹೊಗಳುವುದಿಲ್ಲ.

ಮದುವೆಗೆ ಬಂದವರು ಹೊಗಳಿದರು. ಕೋಟ, ಬ್ರಹ್ಮಾವರ, ಕೋಟೇಶ್ವರ, ಎಲ್ಲಿಗೆ ಹೋದರೂ ಊಟ ಮುಗಿಸಿ ಎದ್ದವರು ಕೈ ತೊಳೆಯುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಬಂದು, "ಹುಳಿ ಯಾರ್ ಮಾಡದ್ದ್ ಮಾರಾಯ್ರೆ?" ಎಂದು ಕೇಳುತ್ತಿದ್ದರು. ಆ ಹೊತ್ತಿಗೆ ನಾನು ಬೇಕೆಂದೇ ಬಾಗಿಲಿನ ಹತ್ತಿರ ಏನಾದರೊಂದು ಪಾತ್ರೆ ಸರಿಸುತ್ತ ನಿಂತಿರುತ್ತಿದ್ದೆ.

ನನ್ನ ಜೊತೆ ಆರು ಜನ ಇದ್ದರು. ಅವರಲ್ಲಿ ಇಬ್ಬರ ವಿಷಯ ಹೇಳಿದರೆ ಸಾಕು. ಒಬ್ಬ ನನ್ನ ಭಾವಮೈದ, ಹೆಂಡತಿಯ ತಮ್ಮ. ಮಾತು ಕಡಿಮೆ, ಕೈ ಚುರುಕು. ಹತ್ತು ವರ್ಷ ನನ್ನ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು. ಇನ್ನೊಬ್ಬ ಬೀಜಾಡಿಯವನು, ಕಾಫಿ ಮಾಡುವವನು. ಅವನಿಗೆ ಮಾತೇ ಬಂಡವಾಳ. ಕಾಫಿ ತಣ್ಣಗಾಗಿದೆ ಎಂದು ಯಾರಾದರೂ ದೂರಿದರೆ, ಬಿಸಿ ಕಾಫಿ ಕುಡಿದು ನಾಲಗೆ ಸುಟ್ಟುಕೊಂಡವರ ಕತೆ ಹೇಳಿ ಅವರನ್ನು ನಗಿಸಿ ಕಳಿಸುತ್ತಿದ್ದ.

ಹೆಸರಿಗೆ ಆರು ಜನ. ಕೆಲಸವೆಲ್ಲ ನನ್ನದೇ. ವೀಳ್ಯ ಹಿಡಿದು ಮಾತು ಕೊಡುವುದು ನಾನು, ಸಾಮಾನಿನ ಪಟ್ಟಿ ಬರೆಯುವುದು ನಾನು, ಕುಂಬಳಕಾಯಿಯನ್ನು ಬೆರಳಿನಿಂದ ಬಡಿದು ನೋಡುವುದು ನಾನು, ಒಲೆಗೆ ಯಾವ ಕಲ್ಲು ಎಲ್ಲಿ ಎನ್ನುವುದನ್ನೂ ನಾನೇ ತೋರಿಸಬೇಕು. ಬಾಳೆಎಲೆಯನ್ನು ಒರೆಸುವವನ ಕೈಯಿಂದ ಬಟ್ಟೆ ಕಸಿದು, ಹೀಗಲ್ಲ, ಹೀಗೆ ಎಂದು ಒರೆಸಿ ತೋರಿಸಿದ್ದೂ ಉಂಟು. ಎಲೆಯನ್ನು ಒರೆಸುವುದಕ್ಕೆ ಲೋಕದಲ್ಲಿ ಒಂದೇ ವಿಧಾನ ಇರುವುದು, ಆದರೂ ತೋರಿಸಿದೆ.

ಎಲ್ಲಕ್ಕಿಂತ ದೊಡ್ಡದು ಉಪ್ಪು. ಅದನ್ನು ನನ್ನ ಹೊರತು ಯಾರೂ ಮುಟ್ಟಬಾರದು. ಹುಳಿ ಕುದಿ ಬಂದ ಮೇಲೆ ಭಾವಮೈದ ಬಂದು, "ಭಾವಾ, ಆಯ್ತ್" ಎನ್ನುವನು. ನಾನು ಕೈ ತೊಳೆದು, ಹೆಗಲಿನ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ಕೊಪ್ಪರಿಗೆಯ ಮುಂದೆ ನಿಂತು ಕಣ್ಣು ಮುಚ್ಚುತ್ತಿದ್ದೆ. ಹಬೆಯ ವಾಸನೆಯಲ್ಲೇ ಎಷ್ಟು ಉಪ್ಪು ಬೇಕೆಂದು ತಿಳಿಯುತ್ತದೆ ಎಂದು ನನ್ನ ನಂಬಿಕೆ. ಆಮೇಲೆ ಕಣ್ಣು ಮುಚ್ಚಿದಂತೆಯೇ ಬೊಗಸೆಯಲ್ಲಿ ಉಪ್ಪು ತೆಗೆದು ಸುತ್ತ ಬೀರುತ್ತಿದ್ದೆ. ಆರು ಜನರೂ ಸುಮ್ಮನೆ ನಿಂತು ನೋಡುತ್ತಿದ್ದರು. ಅವರದು ಭಕ್ತಿ ಎಂದು ನಾನು ತಿಳಿದುಕೊಂಡಿದ್ದೆ.

ಇದರ ಫಲವೇನೆಂದರೆ, ಒಂದು ಮುಹೂರ್ತಕ್ಕೆ ಒಂದೇ ಮದುವೆ. ನಾನೊಬ್ಬನೇ ಅಲ್ಲವೇ ಇರುವುದು? ಒಳ್ಳೆಯ ಲಗ್ನದ ದಿನಗಳಲ್ಲಿ ಮೂರು ನಾಲ್ಕು ಮನೆಯವರು ಬಂದು ಬರಿಗೈಯಲ್ಲಿ ಹೋಗುತ್ತಿದ್ದರು. ಅವರು ಹಿಂದೆ ಹೋಗುವಾಗ ನನಗೆ ಬೇಸರವಾಗುತ್ತಿರಲಿಲ್ಲ, ಒಂಥರಾ ಹಿಗ್ಗು. ಭಾವಮೈದ ಒಂದೆರಡು ಸಲ, "ನಾ ಬೇಕಾರೆ ಮೂರ್ ಜನ ಕಟ್ಕಂಡ್ ಹೋಯ್ ಬತ್ತೆ" ಎಂದ. ನಾನು ನಕ್ಕುಬಿಟ್ಟೆ.

ಆ ವೈಶಾಖದಲ್ಲಿ ಬ್ರಹ್ಮಾವರದ ಒಬ್ಬ ದೊಡ್ಡ ಜಮೀನಿನವರು ಮಗನ ಮದುವೆಗೆ ನನ್ನನ್ನು ಗೊತ್ತು ಮಾಡಿದರು. ಮದುವೆ ಹುಡುಗಿಯ ಮನೆಯಲ್ಲಿ ಆಗಬೇಕಾದ್ದು. ಆದರೆ ನಮ್ಮಲ್ಲೇ ಆಗಲಿ, ಅಡುಗೆ ಇವರದೇ ಇರಲಿ ಎಂದು ಅವರು ಹಟ ಹಿಡಿದರಂತೆ. ಹೀಗೆಂದು ನನಗೆ ಹೇಳಿದ್ದು ಕಾಫಿಯವನು; ಎಷ್ಟು ನಿಜವೋ ಗೊತ್ತಿಲ್ಲ. ನಾನು ಪೂರ್ತಿ ನಂಬಿದೆ.

ಅದಾಗಿ ನಾಲ್ಕು ದಿನಕ್ಕೆ ಬೈಂದೂರಿನಿಂದ ಒಬ್ಬರು ಬಂದರು. ನನಗೆ ಚಿಕ್ಕಂದಿನಲ್ಲಿ ಪಾಠ ಹೇಳಿದ ಹೆಡ್ಮಾಸ್ತರು. ಕೆಲಸದಿಂದ ನಿವೃತ್ತರಾಗಿ ತಮ್ಮ ಊರು ಬೈಂದೂರು ಸೇರಿದ್ದರು. ಮಗಳ ಮದುವೆ. ದಿನ ಅದೇ. ಈ ಮಾಸ್ತರು ಒಂದಾನೊಂದು ಕಾಲದಲ್ಲಿ ನನ್ನ ಅಂಗೈಗೆ ಬೆತ್ತದಲ್ಲಿ ಬಾರಿಸಿ, "ಈ ಕೈಯಂಗೆ ಅಕ್ಷರ ಬತ್ತಿಲ್ಲೆ, ಇನ್ನೆಂತ ಬತ್ತೊ ದೇವ್ರಿಗೇ ಗೊತ್ತ್" ಎಂದಿದ್ದರು. ಅದೇ ಕೈಯ ಅಡುಗೆಗೆ ಈಗ ಅವರು ಎರಡು ಮೂರು ಹೊಳೆ ದಾಟಿ ಬಂದು ನನ್ನ ಜಗಲಿಯ ಮೇಲೆ ಕೂತಿದ್ದರು. ಇಲ್ಲ ಎನ್ನುವ ಶಕ್ತಿ ನನಗೆ ಎಲ್ಲಿಂದ ಬರಬೇಕು?

"ಬತ್ತೆ ಮಾಸ್ಟ್ರೆ. ನಾನೇ ಬತ್ತೆ" ಎಂದೆ.

ಅವರು ಹೋದ ಮೇಲೆ ಹೆಂಡತಿ ಹೊರಗೆ ಬಂದಳು. "ಬ್ರಹ್ಮಾವರದ ಮದಿ ಅದೇ ದಿನ ಅಲ್ದಾ?"

"ಹೌದ್."

"ಎರಡೂ ಕಡಿ ನೀವೇ ಹ್ವಾಪ್ದಾ?"

"ಹೌದ್."

"ಹಾರ್ಕಂಡ್ ಹೋತ್ರಿಯಾ?"

ನಾನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ಅವಳಿಗೆ ತಿಳಿಸಿಹೇಳಿದೆ. ಬ್ರಹ್ಮಾವರದಲ್ಲಿ ಮುಹೂರ್ತ ಬೇಗ, ಊಟವೂ ಬೇಗ. ಸೂರ್ಯ ಹುಟ್ಟುವ ಮೊದಲೇ ಒಲೆ ಹಚ್ಚಿ, ಹುಳಿಗೂ ಸಾರಿಗೂ ಉಪ್ಪು ಹಾಕಿ, ಮೊದಲ ಬಸ್ಸಿಗೆ ಹೊರಡುವುದು. ಬೈಂದೂರಿನಲ್ಲಿ ಮುಹೂರ್ತ ತಡ. ಎಲೆ ಹಾಕುವ ಹೊತ್ತಿಗೆ ಅಲ್ಲಿ ಮುಟ್ಟಿ, ಅಲ್ಲಿಯ ಉಪ್ಪು ಹಾಕುವುದು. ಭಾವಮೈದ ಮೂವರನ್ನು ಕರೆದುಕೊಂಡು ಹಿಂದಿನ ದಿನವೇ ಬೈಂದೂರಿಗೆ ಹೋಗುವುದು. ಬ್ರಹ್ಮಾವರದಲ್ಲಿ ಕಾಫಿಯವನೂ ಉಳಿದ ಒಬ್ಬನೂ.

ಗೀಚಿದ್ದು ನೋಡಲು ಚೆನ್ನಾಗಿತ್ತು. ಮೂರು ಕಡೆ ಹೊಳೆ ಎಂದು ಮೂರು ಅಡ್ಡಗೆರೆ ಎಳೆದಿದ್ದೆ. ಹೊಳೆಗೆ ಸೇತುವೆ ಇಲ್ಲ, ದೋಣಿಯಲ್ಲಿ ದಾಟಿ ಆಚೆ ದಡದ ಬೇರೆ ಬಸ್ಸು ಹಿಡಿಯಬೇಕು. ಪೆಟ್ರೋಲ್ ಸಿಗದ ಕಾಲ, ಬಸ್ಸುಗಳೆಲ್ಲ ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಇದನ್ನೆಲ್ಲ ಕಡ್ಡಿ ಗೀಚಲಿಲ್ಲ.

ಭಾವಮೈದ ಹೊರಡುವಾಗ ಅವನ ಕೈ ಹಿಡಿದು ಹೇಳಿದೆ. "ಎಲ್ಲಾ ಮಾಡಿ ಇಟ್ಕೊ. ಉಪ್ಪ್ ಮಾತ್ರ ನಾ ಬಂದ್ ಹಾಕುದ್. ಗೊತ್ತಾಯ್ತಾ?"

ಅವನು ಕೈ ಬಿಡಿಸಿಕೊಂಡು ಗಂಟನ್ನು ಹೆಗಲಿಗೇರಿಸಿದ. "ನೀವ್ ಬಪ್ದ್ ತಡ ಆರೆ?"

"ನಾ ತಡ ಆಪುದಿಲ್ಲ."

ಬ್ರಹ್ಮಾವರದಲ್ಲಿ ಎಲ್ಲವೂ ಗೀಚಿದ ಹಾಗೆಯೇ ಶುರುವಾಯಿತು. ಬೆಳಗಿನ ತಿಂಡಿ ಹೋಯಿತು, ಹುಳಿಗೆ ತರಕಾರಿ ಬಿತ್ತು, ನನ್ನ ಕೈಯ ಉಪ್ಪೂ ಬಿತ್ತು. ಮೊದಲ ಬಸ್ಸಿಗೆ ಹೊರಟವನು ಅಂಗಳ ದಾಟುವಾಗ ತೆಂಗಿನಕಾಯಿ ತುರಿಯುವವನು ಚಿಪ್ಪಿನ ಕಪ್ಪು ಬರುವ ತನಕ ತುರಿಯುತ್ತಿದ್ದುದು ಕಣ್ಣಿಗೆ ಬಿತ್ತು. ಹಿಂದೆ ಬಂದು ಅವನನ್ನು ಎಬ್ಬಿಸಿ ನಾನೇ ಎರಡು ಕಾಯಿ ತುರಿದು ತೋರಿಸಿದೆ. ಪುನಃ ಹೊರಟೆ. ಬೇಲಿ ದಾಟುವ ದಣಪೆಯ ಹತ್ತಿರ ನೆನಪಾಯಿತು, ಪಾಯಸದ ಬೆಲ್ಲ ಸೋಸಲಿಲ್ಲವೋ ಏನೋ ಎಂದು. ಪುನಃ ಬಂದೆ. ಕಾಫಿಯವನು ಕೈ ಮುಗಿದು, "ನೀವಿನ್ ಹ್ವಾಯ್ನಿ ಮಾರಾಯ್ರೆ! ನೀವ್ ಇಲ್ಲೂ ಇಲ್ಲ, ಅಲ್ಲೂ ಇಲ್ಲ ಆತ್ತ್" ಎಂದು ಬೇಡಿಕೊಂಡ. ನನ್ನ ಆಳು ನನ್ನನ್ನೇ ಓಡಿಸುವುದೇ ಎಂದು ಸಿಟ್ಟು ಬಂತು. ಅವನಿಗೆ ಬುದ್ಧಿ ಹೇಳುತ್ತ ನಿಂತೆ. ಅಷ್ಟರಲ್ಲಿ ಬಸ್ಸು ಹೋಯಿತು.

ಎರಡನೇ ಬಸ್ಸು ಹೊಳೆಯ ದಡದವರೆಗೆ ಸರಿಯಾಗಿಯೇ ಬಂತು. ದಾಟಿದ ಮೇಲಿನ ಬಸ್ಸಿಗೆ ಏನೋ ಬೇನೆ. ಹಿಂದಿನ ಒಲೆಗೆ ಇದ್ದಿಲು ಸುರಿದು ಗಾಳಿಯಂತ್ರ ತಿರುಗಿಸಿ ತಿರುಗಿಸಿ ಕಂಡಕ್ಟರನ ಮೋರೆ ಇದ್ದಿಲಿನ ಬಣ್ಣಕ್ಕೆ ತಿರುಗಿತು, ಎಂಜಿನು ಮಾತ್ರ ಗೊರಗೊರ ಅಂದು ಸುಮ್ಮನಾಗುತ್ತಿತ್ತು. ಒಲೆಯ ವಿಷಯ ನನಗಿಂತ ಚೆನ್ನಾಗಿ ಬಲ್ಲವರುಂಟೇ? ಕೆಳಗಿಳಿದು ಅವನ ಕೈಯಿಂದ ಕೋಲು ತೆಗೆದುಕೊಂಡು ಕೆಂಡ ಕೆದಕಿದೆ. ಬಸ್ಸಿನ ಒಲೆಗೂ ಅಡುಗೆಯ ಒಲೆಗೂ ಇರುವ ವ್ಯತ್ಯಾಸ ಆಗ ತಿಳಿಯಿತು: ಇದ್ದ ಉರಿಯೂ ಆರಿತು. ಡ್ರೈವರು ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ಪ್ರಯಾಣಿಕರು ಇಳಿದು ಬಸ್ಸನ್ನು ನೂಕಿದರು. ಎಲ್ಲರಿಗಿಂತ ಹೆಚ್ಚು ನೂಕಿದವನು ನಾನು.

ಕುಂದಾಪುರಕ್ಕೆ ಮುಟ್ಟುವಾಗ ಬಿಸಿಲು ನೆತ್ತಿಗೆ ಏರುತ್ತಿತ್ತು. ಹೆಮ್ಮಾಡಿಯ ಕಡೆಗೆ ಹೋಗುವ ದೋಣಿ ಹೊರಡುವುದರಲ್ಲಿತ್ತು, ಓಡಿ ಹತ್ತಿದೆ. ಒಳ್ಳೆಯದಾಯಿತು ಎಂದುಕೊಂಡೆ. ನೀರು ಇಳಿಯುವ ಹೊತ್ತು. ದೋಣಿಯವನು ದಂಡೆ ಬಿಟ್ಟು ಸುತ್ತು ಹಾಕಿ ಹೋಗಬೇಕು ಎಂದ. ನಾನು, "ಸುತ್ತ್ ಬೇಡ, ನೆಟ್ಟಗೆ ಹೋಪ, ನಂಗೆ ಅವಸರ ಇತ್ತ್" ಎಂದೆ. ಅವನು ಒಪ್ಪಲಿಲ್ಲ. ನಾನು ಬಿಡಲಿಲ್ಲ. ಮದುವೆಯ ಊಟ, ನೂರಾರು ಜನ, ಮರ್ಯಾದೆ ಎಂದು ಅವನ ತಲೆ ತಿಂದೆ. ಕಡೆಗೆ ಅವನು ಬೇಸತ್ತು ಜಲ್ಲೆಯ ಕೋಲೂರಿ ದೋಣಿಯನ್ನು ನೆಟ್ಟಗೆ ಬಿಟ್ಟ. ಹೊಳೆಯ ನಡುವಿಗೆ ಬರುವಾಗ ದೋಣಿಯ ಅಡಿ ಕರ್‌ ಎಂದಿತು. ಮರಳಿನ ದಿಬ್ಬ. ನೂಕಿದರು, ಇಳಿದು ಎಳೆದರು, ಆಗಲಿಲ್ಲ. ನೀರು ಇನ್ನೂ ಇಳಿಯಿತು. ಹೊಳೆಯ ನಡುವೆ ನಮ್ಮ ದೋಣಿ ಮಣೆಯ ಮೇಲೆ ಮದುಮಗ ಕೂತ ಹಾಗೆ ಕೂತಿತು.

"ಇನ್ ಭರತ ಬಂದ್ಮೇಲೇ" ಎಂದ ದೋಣಿಯವನು. ಅಂದರೆ ಸಮುದ್ರದ ನೀರು ಪುನಃ ಏರುವ ತನಕ. ಆಮೇಲೆ ನನ್ನನ್ನು ನೋಡಿದ. ದೋಣಿಯಲ್ಲಿದ್ದವರೆಲ್ಲ ನನ್ನನ್ನು ನೋಡಿದರು.

ನನ್ನ ಮಗ್ಗುಲಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು ಕೂತಿದ್ದಳು. ನಾನೋ ಅಡುಗೆಗೆಂದು ಮಡಿ ಪಂಚೆ ಉಟ್ಟು ಹೊರಟವನು. ಮೊದಮೊದಲು ಪಂಚೆಯ ಅಂಚನ್ನು ಎತ್ತಿ ಹಿಡಿದುಕೊಂಡು ದೂರ ಸರಿದೆ. ದೋಣಿಯಲ್ಲಿ ದೂರ ಎಂದರೆ ಎಷ್ಟು ದೂರ? ಅರ್ಧ ಗಂಟೆಯಲ್ಲಿ ಕೈ ಸೋತು ಅಂಚನ್ನು ಬಿಟ್ಟೆ.

"ಹ್ವಾಯ್ ಭಟ್ರೆ, ಎಲ್ಲಿಗೆ ಹೊರಟದ್ದ್?" ಎಂದು ಕೇಳಿದಳು.

"ಬೈಂದೂರಿಗೆ. ಮದಿ ಅಡ್ಗಿ."

"ಅಡ್ಗಿ ನೀವ್ ಹೋಯ್ ಮಾಡ್ಕಾ? ಈಗ ಊಟದ ಹೊತ್ತಾಯ್ತಲೆ."

"ಅಡ್ಗಿ ಮಾಡುಕೆ ಜನ ಇದ್ರ್. ಉಪ್ಪ್ ನಾನೇ ಹಾಕ್ಕ್."

ಅವಳು ಬುಟ್ಟಿಯ ಮೇಲೆ ಕೈಯೂರಿ ಎದ್ದು ನಿಂತಳು. ಆಮೇಲೆ ದೋಣಿಯ ಆಚೆ ತುದಿಗೆ ಕೇಳಿಸುವಂತೆ ಕೂಗಿದಳು: "ಕೇಂಡ್ರಿಯಾ! ಇವ್ರ್ ಬ್ರಹ್ಮಾವರದಿಂದ ಬೈಂದೂರಿಗೆ ಉಪ್ಪ್ ಹಾಕುಕೆ ಹ್ವಾಪ್ದಂಬ್ರ್!"

ದೋಣಿ ಅಲುಗುವ ಹಾಗೆ ನಕ್ಕರು. ಅಲುಗಿದ್ದಕ್ಕಾದರೂ ಮರಳು ಬಿಟ್ಟೀತೋ ಎಂದು ನಾನು ಆಸೆಪಟ್ಟೆ. ಬಿಡಲಿಲ್ಲ. ದೋಣಿಯವನು ಒಬ್ಬನೇ ನಗದೆ, "ಅವ್ರ್ ದೋಣಿನೂ ಅವ್ರೇ ನಡ್ಸುದ್" ಎಂದ.

ಆ ಬಿಸಿಲಿನಲ್ಲಿ ಕೂತು ನಾನು ಎರಡೂ ಅಡುಗೆಮನೆಗಳನ್ನು ಮನಸ್ಸಿನಲ್ಲಿ ನೋಡಿದೆ. ಬೈಂದೂರಿನಲ್ಲಿ ಸಪ್ಪೆ ಹುಳಿಯ ಕೊಪ್ಪರಿಗೆಯ ಸುತ್ತ ನಾಲ್ಕು ಜನ ಕೈಕಟ್ಟಿ ದಾರಿ ನೋಡುತ್ತಿದ್ದಾರೆ. ಎಲೆ ಹಾಕಿ ನೆಂಟರು ಕೂತಿದ್ದಾರೆ. ಮಾಸ್ತರು, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುತ್ತಿದ್ದಾರೆ. ಬ್ರಹ್ಮಾವರದಲ್ಲಿ ಜಮೀನಿನವರು ನನ್ನನ್ನು ಕರೆಯುತ್ತಿದ್ದಾರೆ, ನಾನಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಪಕ್ಕದ ಹೆಂಗಸು ಬುಟ್ಟಿಯನ್ನು ಆಚೆ ಸರಿಸಿ, "ಬಿಸ್ಲಿಗೆ ವಾಸ್ನಿ ಜಾಸ್ತಿ ಆತ್ತ್" ಎಂದಳು, ತನ್ನದೇ ತಪ್ಪೇನೋ ಎನ್ನುವ ಹಾಗೆ. ಅವಳ ಮೇಲೆ ನನಗೆ ಈಗಲೂ ಗೌರವವಿದೆ.

ನೀರು ಏರಿ, ಹೊಳೆ ದಾಟಿ, ಮುಂದಿನದನ್ನೂ ದಾಟಿ, ನಾನು ಬೈಂದೂರಿಗೆ ಮುಟ್ಟುವಾಗ ಬಿಸಿಲು ಬಾಗಿತ್ತು. ಚಪ್ಪರದಲ್ಲಿ ನೆಂಟರು ಎಲೆಅಡಿಕೆ ಹಾಕಿಕೊಂಡು ಅಲ್ಲಲ್ಲಿ ಒರಗಿದ್ದರು. ಹಿತ್ತಲಲ್ಲಿ ಉಂಡ ಎಲೆಗಳ ರಾಶಿಗೆ ಎರಡು ದನ ಮೋರೆ ಹಾಕಿದ್ದವು. ಮಾಸ್ತರು ನನ್ನನ್ನು ನೋಡಿ ಎದ್ದು ನೆಟ್ಟಗೆ ನನ್ನ ಕಡೆಗೆ ಬಂದರು. ನಾನು ಅಂಗೈ ಮುಂದೆ ಮಾಡುವುದೊಂದು ಬಾಕಿ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ಬೆಳಗಿಂದ ನಿನ್ನ ಮೋರೆ ಕಾಂಬುಕೆ ಸಿಕ್ಲಿಲ್ಲ ಮಾರಾಯ. ಒಲಿ ಬಿಟ್ ಈಚಿಗೆ ಬರ್ಲೇ ಇಲ್ಲ ಅಲ್ದಾ? ಇಂಥ ಹುಳಿ ನಾನ್ ಉಂಡದ್ದೇ ಇಲ್ಲ. ನಿಂಗೆ ಅಂದ್ ಹೊಡ್ದದ್ದ್ ತಪ್ಪಾಯ್ತ್."

ಮರ್ಯಾದಸ್ಥನಾಗಿದ್ದರೆ ನಾನು ಅಲ್ಲಿಯೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. "ಎಲ್ಲ ನಿಮ್ಮ ಆಶೀರ್ವಾದ ಮಾಸ್ಟ್ರೆ" ಎಂದೆ. ಸಾಲದ್ದಕ್ಕೆ, ಒಲೆಯ ಮುಂದೆ ನಿಂತು ದಣಿದವನಂತೆ ಹಣೆ ಒರೆಸಿಕೊಂಡೆ.

ಅಡುಗೆಮನೆಯಲ್ಲಿ ಭಾವಮೈದ ಗೋಡೆಗೆ ಒರಗಿ ಊಟ ಮಾಡುತ್ತಿದ್ದ.

"ಉಪ್ಪ್?" ಎಂದೆ.

"ಹಾಕ್ದೆ."

"ಯಾರನ್ನ ಕೇಂಡ್ ಹಾಕ್ದೆ?"

"ನಾಲ್ಗಿನ ಕೇಂಡೆ."

ಕೊಪ್ಪರಿಗೆಯ ತಳದಲ್ಲಿ ಉಳಿದಿದ್ದ ಹುಳಿಯನ್ನು ಒಂದು ಸೌಟು ಬಡಿಸಿಕೊಂಡು ಅನ್ನಕ್ಕೆ ಕಲಸಿ ತಿಂದೆ. ಎಲ್ಲೋ ಒಂದು ಕೊರತೆ ಸಿಕ್ಕೀತು ಎಂದು ಹುಡುಕಿದೆ. ಇರಲಿಲ್ಲ. ನನ್ನ ಹುಳಿಗಿಂತ ಒಂದು ಎಳೆ ಮೇಲೇ ಇತ್ತು.

"ನಮ್ಮ ಹುಳಿ ಹಾಂಗೇ ಇತ್ತ್" ಎಂದೆ, ದೊಡ್ಡ ಮನಸ್ಸು ಮಾಡಿ.

ಅವನು ಬೆರಳು ನೆಕ್ಕಿದ. "ಬ್ಯಾರೆ ಇಪ್ಪುದ್ ಹ್ಯಾಂಗೆ? ಮೊದ್ಲಿಂದೂ ಇದೇ ಹುಳಿ. ನೀವ್ ಕಣ್ಣ್ ಮುಚ್ಚಿ ಹಾಕ್ತ್ರಿ. ಕೆಲವು ಸಲ ಹೆಚ್ಚಾತ್ತ್, ಕೆಲವು ಸಲ ಕಡ್ಮಿ. ನೀವ್ ಆಚಿ ಹ್ವಾದ್ಮೇಲೆ ನಾವ್ ಕಣ್ಣ್ ಬಿಟ್ಕಂಡ್ ಸಮಾ ಮಾಡ್ತಿದ್ದಿತ್."

ಕೋಪದಿಂದ ಹೇಳಿದ್ದಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿದ. ಎಷ್ಟು ವರ್ಷದಿಂದ ಎಂದು ಕೇಳುವ ಬದಲು ನಾನು ಇನ್ನೊಂದು ಸೌಟು ಹುಳಿ ಬಡಿಸಿಕೊಂಡೆ.

ಮರುದಿನ ಹಿಂದೆ ಬರುವಾಗ ಬ್ರಹ್ಮಾವರದವರ ಕೈಕಾಲು ಹಿಡಿಯುವುದು ಎಂದು ನೆಟ್ಟಗೆ ಅಲ್ಲಿಗೆ ಹೋದೆ. ಜಮೀನಿನವರು ನನ್ನನ್ನು ಕಂಡು ಕೈ ಮುಗಿದರು. ಒಳಗಿನಿಂದ ಒಂದು ಜರಿ ಪಂಚೆ ತರಿಸಿ ಕೊಟ್ಟರು. "ನಿಮ್ಮ ನಿಷ್ಠಿ ಕಂಡ್ ಬಾರಿ ಸಂತೋಷ ಆಯ್ತ್" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಕಾಫಿಯವನು ಹೇಳಿದ. ಅವರು ನನ್ನನ್ನು ಕೇಳಿದಾಗಲೆಲ್ಲ ಅವನು ಅಡುಗೆಮನೆಯ ಬಾಗಿಲನ್ನು ಅರ್ಧ ಎಳೆದುಕೊಂಡು, ನಮ್ಮವರಿಗೆ ಇವತ್ತು ಮೌನವ್ರತ, ಒಲೆ ಇಳಿಸುವ ತನಕ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಬಿಟ್ಟಿದ್ದನಂತೆ. ಊಟ ಚೆನ್ನಾಗಿದ್ದುದರಿಂದ ವ್ರತದ ಮೇಲೆ ಎಲ್ಲರಿಗೂ ಭಕ್ತಿ ಹುಟ್ಟಿತು. ಹೀಗೆ ಎರಡು ಊರಿನಲ್ಲಿ ನಾನು ಒಂದೇ ದಿನ ಕೀರ್ತಿವಂತನಾದೆ. ಎರಡೂ ಕಡೆ ಇರಲಿಲ್ಲ.

ಇದರಿಂದ ನಾನು ಸಂತೋಷಪಟ್ಟೆ ಎಂದು ತಿಳಿಯಬೇಡಿ. ಒಂದು ವಾರ ಮೋರೆ ಗಂಟಿಕ್ಕಿಕೊಂಡು ಮನೆಯಲ್ಲಿ ತಿರುಗಿದೆ. ಮಕ್ಕಳ ಮೇಲೆ ರೇಗಿದೆ. ಹೆಂಡತಿ ಮಾಡಿದ ಗೊಜ್ಜಿಗೆ ಉಪ್ಪು ಕಡಿಮೆ ಎಂದೆ. ಅವಳು ಉಪ್ಪಿನ ಮರಿಗೆಯನ್ನೇ ತಂದು ಎಲೆಯ ಪಕ್ಕದಲ್ಲಿಟ್ಟಳು. ನಾನಿಲ್ಲದೆ ಕೆಟ್ಟಿದ್ದರೆ ಬೇಸರವಾಗುತ್ತಿತ್ತು ನಿಜ. ನಾನಿಲ್ಲದೆ ಸರಿಯಾದದ್ದು ಅದಕ್ಕಿಂತ ದೊಡ್ಡ ಬೇಸರ.

ಎಂಟನೇ ದಿನ ಅವಳು ನನ್ನ ಮುಂದೆ ಒಂದು ಕಾಗದ ಹಿಡಿದಳು. ಬೊಂಬಾಯಿಯಿಂದ ಬಂದದ್ದು. ನಮ್ಮ ಕಡೆಯವರೊಬ್ಬರು ಅಲ್ಲಿ ಬೋರ್ಡಿಂಗ್ ಇಟ್ಟವರು, ಭಾವಮೈದನನ್ನು ಮುಖ್ಯ ಅಡುಗೆಗೆ ಕರೆದಿದ್ದರು. ಒಂದು ತಿಂಗಳಿನಿಂದ ಅದು ಅವನ ಗಂಟಿನಲ್ಲಿತ್ತಂತೆ.

"ಹೋತ್ನಂತಾ?" ಎಂದೆ.

"ಹೋಯ್ಲಿ ಬಿಡಿ" ಎಂದಳು. "ಆರ್ ಜನರ ಕೆಲ್ಸ ನೀವೊಬ್ರೇ ಮಾಡ್ತ್ರಿ. ಒಬ್ಬ ಹ್ವಾರೆ ನಿಮ್ಗೆ ಕೆಲ್ಸ ಕಡ್ಮಿ ಅಲ್ದಾ?"

ಸಂಜೆ ಅವನನ್ನು ಕರೆದು ಜಗಲಿಯಲ್ಲಿ ಕೂರಿಸಿಕೊಂಡೆ. ಹೇಳಬೇಕಾದ್ದನ್ನು ಹೇಳುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಮಳೆ, ಅಕ್ಕಿ, ಯುದ್ಧ ಎಲ್ಲ ಮಾತಾಡಿ ಮುಗಿಯಿತು. ಕಡೆಗೆ ಹೇಳಿದೆ: ಬೊಂಬಾಯಿ ಬೇಡ, ಕೋಟೇಶ್ವರದಿಂದ ಬೈಂದೂರಿನವರೆಗೆ ನೀನು ಒಂದು ತಂಡ ಕಟ್ಟಿಕೋ. ಬ್ರಹ್ಮಾವರದ ಕಡೆಗೆ ಇನ್ನೊಂದು ತಂಡ, ಕಾಫಿಯವನ ಕೈಯಲ್ಲಿ. ಬಂದದ್ದರಲ್ಲಿ ಅವರವರ ಪಾಲು ಅವರವರಿಗೆ.

"ನೀವ್?" ಎಂದ.

ಅದೊಂದನ್ನು ನಾನು ಯೋಚಿಸಿರಲಿಲ್ಲ. "ನಾ ಕಂಡ್ಕಂಡ್ ಇರ್ತೆ."

"ಹಾಂಗಾರೆ ಒಂದ್ ಮಾತ್ ಭಾವಾ. ನಾ ಇಪ್ಪಲ್ಲಿ ನೀವ್ ಅಡ್ಗಿಮನಿ ಹೊಸ್ಲ್ ದಾಟ್ಬಾರ್ದ್."

ನಾನು ನಕ್ಕೆ. ಅವನು ನಗಲಿಲ್ಲ. ಒಳಗಿನಿಂದ ಹೆಂಡತಿಯೂ ನಗಲಿಲ್ಲ. ಒಪ್ಪಿಕೊಂಡೆ.

ಒಪ್ಪಿದ ಮೇಲಿನ ಮೊದಲ ಮದುವೆ ಕೋಟೇಶ್ವರದ ಹತ್ತಿರ, ಭಾವಮೈದನ ತಂಡದ್ದು. ಮಾತಿನಂತೆ ನಾನು ಚಪ್ಪರದಲ್ಲಿ ನೆಂಟನ ಹಾಗೆ ಕೂತೆ. ಒಗ್ಗರಣೆಯ ವಾಸನೆ ಬಂದಾಗ ಎದ್ದೆ, ಕೂತೆ. ಮತ್ತೊಮ್ಮೆ ಎದ್ದು ಮನೆಯ ಹಿಂದಕ್ಕೆ ಹೋದೆ. ಹೊಸ್ತಿಲು ದಾಟಬಾರದು ಎಂದಿತ್ತೇ ಹೊರತು ಕಿಟಕಿಯ ಮಾತು ಬಂದಿರಲಿಲ್ಲ. ಹಿತ್ತಲಿನ ಕಿಟಕಿಯ ಸರಳು ಹಿಡಿದು, ಕಾಲ್ಬೆರಳ ಮೇಲೆ ನಿಂತು ಇಣುಕಿದೆ. ಸಾರಿಗೆ ಕೊತ್ತಂಬರಿ ಬಿದ್ದಿರಲಿಲ್ಲ. "ಕೊತ್ತಂಬ್ರಿ!" ಎಂದು ಕೂಗಿದೆ.

ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದರು. ಮದುಮಗಳ ಅಜ್ಜಿ. ಕಣ್ಣು ಮಂಜು, ಕೈ ಉಕ್ಕು. "ಅಯ್ಯೋ ಪಾಪ, ಹಸಿವ್ ತಡ್ಕಂಬುಕೆ ಆತ್ತಿಲ್ಯಾ? ಬನ್ನಿ ಬನ್ನಿ" ಎಂದು ಎಳೆದುಕೊಂಡು ಹೋಗಿ, ಎಲ್ಲರಿಗೂ ಕಾಣುವಂತೆ ಮೊದಲ ಪಂಕ್ತಿಯ ಕಡೆಯ ಎಲೆಗೆ ಕೂರಿಸಿದಳು. ನಾನು ಯಾರೆಂದು ಹೇಳಲು ಹೋದೆ. ಅವಳಿಗೆ ಕಿವಿಯೂ ಮಂದ.

ಮದುವೆ ಮನೆಗಳಲ್ಲಿ ಅಷ್ಟು ವರ್ಷ ದುಡಿದರೂ ನಾನು ಪಂಕ್ತಿಯಲ್ಲಿ ಕೂತು ಉಂಡವನಲ್ಲ. ನಮ್ಮ ಊಟ ಯಾವಾಗಲೂ ಎಲ್ಲರದೂ ಮುಗಿದ ಮೇಲೆ, ಗೋಡೆಗೆ ಒರಗಿ. ಆ ದಿನ ಮೊದಲ ಸಲ ಎಲೆಯ ಈಚೆ ಕೂತು ನೋಡಿದೆ. ನಮ್ಮ ಬಡಿಸುವವರು ಯಜಮಾನರ ಮುಂದೆ ನಿಧಾನ, ಮುಂದೆ ಬಂದ ಹಾಗೆ ಓಟ. ಪಂಕ್ತಿಯ ಕಡೆಗೆ ಬರುವಾಗ ಪಾತ್ರೆಯೂ ತಳ ಕಂಡಿರುತ್ತದೆ, ಹುಳಿಯ ತರಕಾರಿಯೆಲ್ಲ ಮೊದಲಿನವರ ಪಾಲಾಗಿರುತ್ತದೆ. ಅನ್ನ ಬಂದು ಆರಿದ ಮೇಲೆ ಸಾರು ಬರುತ್ತದೆ. ನನ್ನ ಪಕ್ಕದಲ್ಲಿ ಹಲ್ಲಿಲ್ಲದ ಒಬ್ಬ ಮುದುಕರು. ಅವರು "ಇನ್ನೊಂಚೂರ್ ಪಾಯ್ಸ" ಎಂದು ಬಾಯಿ ತೆರೆಯುವಷ್ಟರಲ್ಲಿ ಬಡಿಸುವವನ ಬೆನ್ನು ಕಾಣುತ್ತಿತ್ತು. ಅವರು ತೆರೆದ ಬಾಯನ್ನು ಮುಚ್ಚಿ ನೀರು ಕುಡಿದರು. ಪಂಕ್ತಿಯ ಆ ತುದಿಗೆ ನನ್ನ ಯಾವ ಹುಳಿಯೂ ಸರಿಯಾಗಿ ಮುಟ್ಟಿರಲಿಲ್ಲ. ಇಷ್ಟು ಕಾಲ ನಾನು ಬಾಗಿಲಲ್ಲಿ ನಿಂತು ಕೇಳಿದ ಹೊಗಳಿಕೆಯೆಲ್ಲ ಪಂಕ್ತಿಯ ಮೇಲ್ತುದಿಯದು.

ಮನೆಗೆ ಬಂದ ಮೇಲೆ ಬಡಿಸುವವರನ್ನೆಲ್ಲ ಕರೆದು ಎಲೆ ಹಾಕಿ ಕೂರಿಸಿದೆ. ನಾನು ಬಡಿಸಿದೆ, ಅವರು ಮಾಡುವ ಹಾಗೆಯೇ ಓಡಿಕೊಂಡು. ಭಾವಮೈದನ ತೊಡೆಯ ಮೇಲೆ ಬಿಸಿ ಪಾಯಸ ಬಿತ್ತು. ಬೇಕೆಂದು ಹಾಕಿದ್ದಲ್ಲ, ಅವನು ಇವತ್ತಿಗೂ ನಂಬುವುದಿಲ್ಲ. ಆ ಮೇಲೆ ನಮ್ಮ ಬಡಿಸುವ ಕ್ರಮ ಬದಲಾಯಿತು. ಎರಡು ತುದಿಯಿಂದಲೂ ಏಕಕಾಲಕ್ಕೆ ಬಡಿಸಿಕೊಂಡು ಬರುವುದು, ಪಾಯಸಕ್ಕೆ ಎರಡನೇ ಸಲ ಹೋಗುವವನು ಪ್ರತಿ ಎಲೆಯ ಮುಂದೆ ನಿಂತು ಮುಖ ನೋಡುವುದು. ನೋಡಲು ಸಣ್ಣ ವಿಷಯ. ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರೆ ನನಗೆ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಕೆಲಸ ಹೀಗೆ ಬೆಳೆಯಿತು. ಅಕ್ಕಿಗೆ ರೇಷನ್ ಬಂದು ಮದುವೆ ಮನೆಯವರು ತಲೆ ಮೇಲೆ ಕೈ ಹೊತ್ತು ಕೂತಾಗ, ಮೊದಲೇ ಹೋಗಿ ಅವರ ಜೊತೆ ಕೂತು ಯಾರನ್ನು ಕರೆಯಬೇಕು, ಇದ್ದ ಅಕ್ಕಿಯಲ್ಲಿ ಏನು ಮಾಡಬಹುದು, ಬಾವಿಯಲ್ಲಿ ನೀರು ಎಷ್ಟಿದೆ ಎಂದು ನೋಡುವುದು ನನ್ನ ಪಾಲಿನ ಕೆಲಸವಾಯಿತು. ನನಗೆ ಅದು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಎರಡು ತಂಡ ಮೂರಾಯಿತು. ನನ್ನ ಹೊಟ್ಟೆಯೂ ಒಂದು ಸುತ್ತು ಬೆಳೆಯಿತು. ಪಂಕ್ತಿಯ ಕಡೆಯ ಎಲೆಯನ್ನು ನಾನು ಬಿಟ್ಟುಕೊಡಲಿಲ್ಲ.

ಒಂದು ಸಲ ಮಾತ್ರ ಬ್ರಹ್ಮಾವರದ ಕಡೆ ಕಾಫಿಯವನ ತಂಡ ಪಾಯಸವನ್ನು ತಳ ಹಿಡಿಸಿತು. ಕೆಟ್ಟ ವಾಸನೆ ಚಪ್ಪರದವರೆಗೆ ಬಂತು. ನಾನು ಅಲ್ಲಿಯೇ ಇದ್ದೆ. ನಿಜ ಬರೆಯುತ್ತೇನೆ, ಮೊದಲು ಬಂದದ್ದು ಸಂತೋಷ. ಕಂಡಿರಾ, ನಾನಿಲ್ಲದೆ ಆಗುವುದಿಲ್ಲ ಎಂದು ಎದೆ ಉಬ್ಬಿತು. ಪಂಚೆ ಬಿಗಿದು ಅಡುಗೆಮನೆಯ ಕಡೆಗೆ ನಡೆದೆ. ಬಾಗಿಲಲ್ಲಿ ಕಾಫಿಯವನು ನಿಂತಿದ್ದ. ಲೋಕದ ಎಲ್ಲ ತಪ್ಪಿಗೂ ಒಂದು ಕತೆ ಇಟ್ಟುಕೊಂಡವನ ಬಾಯಲ್ಲಿ ಅವತ್ತು ಮಾತಿರಲಿಲ್ಲ.

ಅವನ ಆ ಮೋರೆ ನೋಡಿ ನನ್ನ ಉಬ್ಬಿದ ಎದೆ ಇಳಿಯಿತು. ಬೈಂದೂರಿನಲ್ಲಿ ನಾನು ಮಾಡದ ಹುಳಿಯ ಹೊಗಳಿಕೆಯನ್ನು ಎರಡು ಕೈಯಲ್ಲಿ ಬಾಚಿಕೊಂಡವನು ನಾನೇ ತಾನೇ? ಮಾಡದ ಪಾಯಸದ ಬೈಗುಳಕ್ಕೆ ಈಗ ಬೇರೆಯವರನ್ನು ಮುಂದೆ ಮಾಡುವುದು ಹೇಗೆ? "ಬೇರೆ ಪಾತ್ರಿ ಇಡು, ಹೆಸರ್‌ಬೇಳಿ ಹಾಕು, ಇನ್ನೂ ಹೊತ್ತ್ ಇತ್ತ್" ಎಂದಷ್ಟೇ ಹೇಳಿ ಹೊರಗೆ ಬಂದೆ. ಯಜಮಾನರ ಮುಂದೆ ನಿಂತು, "ತಪ್ಪ್ ನನ್ನದ್" ಎಂದೆ. ಅವರು ಸಣ್ಣಕ್ಕೆ ಬೈಯಲಿಲ್ಲ. ನೆಂಟರೆಲ್ಲ ಕೇಳುವಂತೆ ಬೈದರು. ಅವರು ಬೈದು ಮುಗಿಸುವ ಹೊತ್ತಿಗೆ ಹೊಸ ಪಾಯಸ ಕುದಿ ಬಂದಿತ್ತು. ಎಷ್ಟು ಹೊತ್ತು ಬೈದರು ಎಂದು ಇದರಿಂದ ತಿಳಿದುಕೊಳ್ಳಬಹುದು. ಆ ದಿನದಿಂದ ಕಾಫಿಯವನು ನನ್ನನ್ನು ನೋಡುವ ರೀತಿಯೇ ಬೇರೆಯಾಯಿತು. ನಾನು ಕಿಟಕಿಯಲ್ಲಿ ಇಣುಕುವುದೂ ಅಲ್ಲಿಗೆ ನಿಂತಿತು.

ಸ್ವಾತಂತ್ರ್ಯ ಬಂದ ಮರುವರ್ಷವೋ ಏನೋ, ಒಂದು ಒಳ್ಳೆಯ ಮುಹೂರ್ತದ ದಿನ ಮೂರು ತಂಡಗಳೂ ಮೂರು ಕಡೆ ಹೋಗಿದ್ದವು. ನಾನು ಜಗಲಿಯಲ್ಲಿ ಮುಂದಿನ ತಿಂಗಳ ಮದುವೆಗಳ ಪುಸ್ತಕ ಬರೆಯುತ್ತ ಕೂತಿದ್ದೆ. ಹೆಮ್ಮಾಡಿಯಿಂದ ಒಬ್ಬರು ಬಂದರು. ನನ್ನ ಗುರುತು ಅವರಿಗಿಲ್ಲ. ಕೊಡೆ ಮಡಿಸುತ್ತ, "ಮದಿ ಅಡ್ಗಿ ಮಾಡುವವ್ರ ಮನಿ ಇದೇಯಾ? ಅವ್ರಿದ್ರಾ?" ಎಂದು ಕೇಳಿದರು.

"ಅವ್ರೆಲ್ಲ ಮದಿಗೆ ಹೋಯ್ರ್" ಎಂದೆ. "ಎಂತ ಹೇಳಿ, ಬರ್ದ್ ಇಡ್ತೆ."

ಅವರು ದಿನ, ಊರು, ಮನೆಯ ಗುರುತು ಎಲ್ಲ ಹೇಳಿದರು. ನಾನು ಬರೆದುಕೊಂಡೆ. ಮಗಳು ಒಬ್ಬಳೇ, ಊಟ ಚೆನ್ನಾಗಿ ಆಗಬೇಕು ಎಂದು ಎರಡು ಸಲ ಹೇಳಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವ್ ಅವ್ರ ಗುಮಾಸ್ತರಾ?" ಎಂದರು.

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಹೆಂಡತಿ ಕಿವಿಗೊಟ್ಟು ನಿಂತಳು ಎಂದು ತಿಳಿಯಿತು.

"ಹೌದ್" ಎಂದೆ.

"ಹಾಂಗಾರೆ ಮರೀದೆ ಹೇಳಿ ಮಾರಾಯ್ರೆ" ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು, ಕೊಡೆ ಬಿಡಿಸಿಕೊಂಡು ಅವರು ಹೋದರು.